ಬೇಳೆ ಬೇಯುವ ನೀರು

ಇಲ್ಲಿ ನಾನು ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ಎಂಬತ್ತೆರಡನೇ ಇಸವಿಯೋ ಎಂಬತ್ತಮೂರೋ ಎಂಬುದೇ ನನಗೆ ಖಾತ್ರಿಯಿಲ್ಲ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುವ ಅಭ್ಯಾಸವಿರುವುದರಿಂದ ಜನ ನನ್ನ ನೆನಪನ್ನು ನಂಬುತ್ತಾರೆ. ನಾನು ನಂಬುವುದಿಲ್ಲ. ಆ ವರ್ಷದ ದಿನಚರಿಯಲ್ಲಿ ಬಸ್ಸು ತಪ್ಪಿದ್ದು, ಎಂಟನೇ ತರಗತಿಯ ಹುಡುಗಿಯರು ಜಡೆ ಹಿಡಿದು ಜಗಳವಾಡಿದ್ದು, ಹೊಸ ಸೀರೆಗೆ ಶಾಯಿ ಚೆಲ್ಲಿಕೊಂಡದ್ದು ಎಲ್ಲ ಇದೆ. ನೀರಿನ ಬಗ್ಗೆ ಒಂದು ಸಾಲೂ ಇಲ್ಲ. ಅಷ್ಟು ಕಾಡಿದ್ದನ್ನು ಯಾಕೆ ಬರೆಯಲಿಲ್ಲ? ಅಥವಾ ಆಗ ಕಾಡಿರಲೇ ಇಲ್ಲವೋ, ಆಮೇಲೆ ತಿಳಿದದ್ದನ್ನೆಲ್ಲ ಆ ವರ್ಷದೊಳಗೆ ತುರುಕಿ ಇಟ್ಟುಕೊಂಡಿದ್ದೇನೋ, ಹೇಳಲಾರೆ.

ಮೊನ್ನೆ ಹೊನ್ನಾಳಿಯ ನಮ್ಮ ಮನೆಯಲ್ಲಿ ಕುಕ್ಕರಿನ ರಬ್ಬರು ಹರಿದುಹೋಯಿತು. ತಪ್ಪಲೆಯಲ್ಲೇ ತೊಗರಿಬೇಳೆ ಇಟ್ಟೆ. ಅರಿಸಿನ, ಒಂದು ತೊಟ್ಟು ಹರಳೆಣ್ಣೆ. ನೊರೆ ಉಕ್ಕಿ ಒಲೆಯ ಮೇಲೆ ಬಿದ್ದು ಸುಟ್ಟ ವಾಸನೆ ಎದ್ದಾಗ, ಜಗಳೂರು ತಾಲ್ಲೂಕಿನ ಆ ಹಳ್ಳಿ, ಮಾವನ ಮನೆಯ ಅಡುಗೆಕೋಣೆ, ಅಲ್ಲಿ ಅಕ್ಕಪಕ್ಕ ಇರುತ್ತಿದ್ದ ಎರಡು ಕೊಡ ಕಣ್ಣ ಮುಂದೆ ಬಂದವು. ಬೇಳೆ ಬೆಂದು ಕರಗಿ ಹೋಗುವವರೆಗೂ ನಾನು ಅಲ್ಲೇ ನಿಂತಿದ್ದೆನಂತೆ. ಮನೆಯವರು ಹಾಗೆ ಹೇಳುತ್ತಾರೆ.

ಆ ಹಳ್ಳಿಯ ಹೆಸರು ಬರೆಯುವುದಿಲ್ಲ. ಬಿಳಿಚೋಡಿನಿಂದ ನಡೆದು ಹೋಗುವಷ್ಟು ದೂರ. ನನ್ನ ಅಮ್ಮನ ತಮ್ಮ, ನನ್ನ ಸೋದರಮಾವ, ಅಲ್ಲಿ ಪಂಚಾಯ್ತಿ ಛೇರ್ಮನ್ ಆಗಿದ್ದರು. ನಾನು ಎಂ.ಎ. ಮುಗಿಸಿ ಮನೆಯಲ್ಲಿ ಕೂತಿದ್ದಾಗ ಬಿಳಿಚೋಡಿನ ಹೈಸ್ಕೂಲಿನಲ್ಲಿ ಒಂದು ವರ್ಷದ ಮಟ್ಟಿಗೆ ಸಮಾಜ ಪಾಠ ಹೇಳುವ ಕೆಲಸ ಸಿಕ್ಕಿತು. ಮಾವನ ಮನೆಯಲ್ಲೇ ಇರುವುದೆಂದಾಯಿತು.

ಹೊನ್ನಾಳಿ, ನ್ಯಾಮತಿ ಕಡೆಯ ನಮಗೆ ನೀರು ಅಂದರೆ ಹೊಳೆ. ಕೆಂಪಗೆ ಬಂದರೆ ತಿಳಿಯಾಗುವವರೆಗೆ ಕಾಯಬೇಕು, ಅಷ್ಟೇ. ಜಗಳೂರು ಸೀಮೆಯಲ್ಲಿ ಮೋಡಗಳು ಬೇರೆಯವರ ಮನೆಗೆ ಹೊರಟವರ ಹಾಗೆ ತಲೆಯ ಮೇಲೆ ಹಾದು ಹೋಗುತ್ತಿದ್ದವು. ಆಷಾಢದ ಗಾಳಿಗೆ ಕುರಿಮಂದೆಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತಿದ್ದವು. ಮಳೆ ಬಿದ್ದ ದಿನ ಶಾಲೆಯಲ್ಲಿ ಅರ್ಧ ಹಾಜರಿ. ಮಕ್ಕಳು ಶೇಂಗಾ ಬಿತ್ತಲು ಹೋಗಿರುತ್ತಿದ್ದರು. ಮತ್ತೆ ಹದಿನೈದು ಇಪ್ಪತ್ತು ದಿನ ಬರೀ ಗಾಳಿ.

ಊರ ನಡುವೆ, ಕೇರಿಗೂ ಸಾಬರ ಓಣಿಗೂ ಹತ್ತಿರವಾಗುವ ಜಾಗದಲ್ಲಿ, ಒಂದು ಬೋರಿಂಗು ಇತ್ತು. ಕೈಯಿಂದ ಹಿಡಿಕೆ ಹೊಡೆದು ನೀರೆತ್ತುವ ಪಂಪಿಗೆ ಅಲ್ಲಿ ಹಾಗೇ ಅನ್ನುತ್ತಿದ್ದರು. ಅದು ಬಂದದ್ದು ಎಪ್ಪತ್ತರ ದಶಕದ ನಡುವೆ, ನಾನು ಪಿಯುಸಿಯಲ್ಲಿದ್ದಾಗ. ಬೇಸಿಗೆ ರಜೆಗೆಂದು ಹೋಗಿದ್ದ ನಾನು ಅದಕ್ಕೆ ಪೂಜೆ ಮಾಡಿ ಶುರು ಮಾಡಿದ ದಿನ ಅಲ್ಲಿದ್ದೆ. ಅದಕ್ಕೆ ಮೊದಲು ಲಿಂಗವಂತರೂ ಉಳಿದ ಮೇಲಿನವರೂ ಮಾವನ ಹೊಲದ ಹಳೇ ಸೇದುವ ಬಾವಿಯಿಂದ ತರುತ್ತಿದ್ದರು. ಕೇರಿಯವರಿಗೆ ಆ ಬಾವಿ ಇಲ್ಲ. ಅವರು ಹಳ್ಳದ ಮರಳಿನಲ್ಲಿ ಒರತೆ ತೋಡಿ, ಊರಿದಷ್ಟನ್ನು ಚಿಪ್ಪಿನಲ್ಲಿ ಎತ್ತಿ ಕೊಡ ತುಂಬಿಸುತ್ತಿದ್ದರು.

ಪೂಜೆಯ ದಿನ ಮಾವ ತಾವೇ ಮೊದಲು ಬೊಗಸೆಯೊಡ್ಡಿ ಕುಡಿದರು. ಆಮೇಲೆ ಕೇರಿಯ ಒಬ್ಬ ಮುದುಕಿಯನ್ನು ಕರೆದು ಹಿಡಿಕೆ ಅವಳ ಕೈಗೆ ಕೊಟ್ಟು, "ಹೊಡಿಯವ್ವಾ, ಹೆದರಬ್ಯಾಡ. ಇದು ಯಾರಪ್ಪಂದೂ ಅಲ್ಲ, ಸರ್ಕಾರದ್ದು" ಅಂದರು. ಮುದುಕಿ ಎರಡು ಸಲ ಹೊಡೆದು ನೀರು ಚಿಮ್ಮಿದಾಗ ಹಿಡಿಕೆ ಬಿಟ್ಟು ಓಡಿದಳು, ಎಲ್ಲರೂ ನಕ್ಕರು. ಹದಿನೇಳು ವರ್ಷದ ನನಗೆ ಮಾವ ದೊಡ್ಡ ಮನುಷ್ಯರಾಗಿ ಕಂಡರು. ಈಗಲೂ ಆ ಹೊತ್ತಿನ ಮಟ್ಟಿಗೆ ಅವರು ದೊಡ್ಡವರೇ ಅನ್ನಿಸುತ್ತದೆ. ಮುಂದಿನದ್ದನ್ನು ಬರೆಯಲು ಕಷ್ಟವಾಗುವುದು ಅದರಿಂದಲೇ.

ಆ ಸಂಜೆ ಊರಿನಲ್ಲಿ ಒಂದೇ ಸುದ್ದಿ: ಹೊಸ ನೀರಿನಲ್ಲಿ ಬೇಳೆ ಬೆಣ್ಣೆಯ ಹಾಗೆ ಬೆಂದಿದೆ. ಹಳೇ ಬಾವಿಯ ನೀರು ಗಡಸು. ಅದರಲ್ಲಿ ಬೇಳೆ ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತಿತ್ತು, ಪಾತ್ರೆಯ ತಳಕ್ಕೆ ಸುಣ್ಣ ಕಟ್ಟುತ್ತಿತ್ತು. ಆ ಸೀಮೆಯಲ್ಲಿ ನೀರಿನ ಗುಣ ನೋಡುವುದು ಹಾಗೆಯೇ. ಹೆಣ್ಣು ನೋಡಲು ಹೋದವರು ಸಹ ಊರಿನ ನೀರಲ್ಲಿ ಬೇಳೆ ಬೇಯುತ್ತದೆಯೇ ಎಂದು ವಿಚಾರಿಸುತ್ತಿದ್ದರು. ಬೇಳೆ ಬೆಂದರೆ ಒಳ್ಳೆ ನೀರು. ಅದರ ಮೇಲೆ ಯಾರೂ ಮಾತಾಡುವಂತಿರಲಿಲ್ಲ.

ಇಷ್ಟೆಲ್ಲ ಆಗಿ ಆರೇಳು ವರ್ಷದ ಮೇಲೆ ನಾನು ಟೀಚರಾಗಿ ಹೋದದ್ದು. ಹೋದ ಮೊದಲ ವಾರದಲ್ಲೇ ಅಡುಗೆಕೋಣೆಯ ಆ ಎರಡು ಕೊಡ ನೋಡಿದೆ. ಹಿತ್ತಾಳೆ ಕೊಡದಲ್ಲಿ ಬೋರಿಂಗಿನ ನೀರು, ಅಡುಗೆಗೆ. ತಾಮ್ರದ ಕೊಡದಲ್ಲಿ ಬಾವಿಯ ನೀರು, ಕುಡಿಯಲು. ಆಳು ದಿನಾ ಬೆಳಿಗ್ಗೆ ಹೊಲದಿಂದ ಹೊತ್ತು ತರುತ್ತಿದ್ದ. ಊರ ನಡುವೆಯೇ ಬೋರಿಂಗು ಇರುವಾಗ ಇದೇನೆಂದು ಅತ್ತೆಯನ್ನು ಕೇಳಿದೆ. ಅತ್ತೆ ಸೊಪ್ಪು ಸೋಸುತ್ತಿದ್ದರು.

"ಬೋರಿಂಗಿನಾಗೆ ತೊಗಲಿನ ವಾಷರ್ ಇರ್ತೈತಂತೆ ಕಣೆ ಗಿರಿಜಾ. ಲಿಂಗಪೂಜೆ ಮಾಡೋರು ನಾವು, ಕುಡಿಯಾಕೆ ಹೆಂಗೆ ಬರ್ತೈತೆ?"

"ಬೇಳೆಗೆ ಬರ್ತೈತಾ?"

"ಕುದಿಸಿದ ಮ್ಯಾಲೆ ಮೈಲಿಗೆ ಹೋಗ್ತೈತೆ ಬಿಡು. ಎಂ.ಎ. ಓದಿ ನೀರಿನ ಲೆಕ್ಕ ಕೇಳಾಕೆ ಬಂದಾಳೆ!"

ನಾನೂ ನಕ್ಕೆ. ಊರಿನಲ್ಲಿ ಸೈಕಲ್ ಶಾಪ್ ಇಟ್ಟುಕೊಂಡು ಬೋರಿಂಗನ್ನೂ ರಿಪೇರಿ ಮಾಡುತ್ತಿದ್ದ ಬುಡೇನ್‌ಸಾಬ್ ಈ ವಾಷರ್ ವಿಷಯವನ್ನು ಸಿಕ್ಕವರಿಗೆಲ್ಲ ಹೇಳಿ ನಗುತ್ತಿದ್ದ. "ಅಮ್ಮಾವ್ರಿಗೆ ತೊಗಲು ನೀರಾಗಿದ್ರೆ ಆಗಾಕಿಲ್ಲ, ಕಾಲಾಗೆ ಇದ್ರೆ ಆಗ್ತೈತೆ. ನಾಳೆ ಚಪ್ಲಿ ಬಿಟ್ಟು ನಡೀರಿ ಅಂದ್ರೆ ನನ್ನ ತಮ್ಮನ ಅಂಗಡಿ ಮುಚ್ತೈತೆ, ಅದಕ್ಕೆ ಸುಮ್ಕಿದೀನಿ."

ಆದರೆ ಒಂದು ಸಣ್ಣ ನೆನಪು ಆಗಲೇ ಅಡ್ಡ ಬಂತು. ಬೋರಿಂಗಿನ ಪೂಜೆಯಾದ ಆ ಬೇಸಿಗೆಯಲ್ಲಿ, ಇದೇ ಮನೆಯ ಪಡಸಾಲೆಯಲ್ಲಿ, ಇದೇ ಅತ್ತೆ ನನಗೆ ಬೆಲ್ಲದ ಚೂರು ಕೊಟ್ಟು ಚೊಂಬಿನಲ್ಲಿ ಬೋರಿಂಗಿನ ನೀರು ಕೊಟ್ಟಿದ್ದರು. "ಕುಡಿ, ಹೊಸ ನೀರು, ಹೆಂಗೆ ತಣ್ಣಗೈತೆ ನೋಡು" ಅಂದಿದ್ದರು. ವಾಷರ್ ಆಗಲೂ ತೊಗಲಿನದೇ ಇದ್ದಿರಬೇಕು. ಅಂದರೆ ಯಾವಾಗಲೋ ಒಂದು ದಿನ ಮನೆ ನೀರು ಬದಲಾಯಿಸಿದೆ. ಅಥವಾ ಅಂದು ಕುಡಿದದ್ದು ಬಾವಿ ನೀರೇ, ನಾನು ಬೋರಿಂಗಿನದೆಂದು ತಿಳಿದೆ. ಚೊಂಬಿನ ತಣ್ಣನೆಯ ಕಂಠ ತುಟಿಗೆ ತಾಗಿದ್ದು ನೆನಪಿದೆ. ಅತ್ತೆಯ ಮಾತು ನಿಜವಾಗಿ ಕೇಳಿದ್ದೋ, ನಾನೇ ಜೋಡಿಸಿಕೊಂಡದ್ದೋ, ಅದನ್ನು ಆಣೆ ಮಾಡಿ ಹೇಳಲಾರೆ.

ಮನೆಯ ಕೊಟ್ಟಿಗೆ ಗುಡಿಸಲು ಕೇರಿಯ ದುರ್ಗಮ್ಮ ಬರುತ್ತಿದ್ದಳು. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಜೊತೆಗೆ ಅವಳ ಮಗಳು ಕೆಂಚಿ, ಮಾವನ ಮಗಳು ಶೈಲಾಳ ವಾರಿಗೆಯವಳು. ಇಬ್ಬರೂ ಆರು ದಾಟಿ ಏಳಕ್ಕೆ ಬಿದ್ದವರು, ಬೋರಿಂಗು ಬಂದ ಮೇಲೆ ಹುಟ್ಟಿದವರು. ಶೈಲಾ ಕಟ್ಟೆಯ ಮೇಲೆ, ಕೆಂಚಿ ಕಟ್ಟೆಯ ಕೆಳಗೆ ಕೂತು ಹುಣಿಸೆಬೀಜ ಆಡುತ್ತಿದ್ದರು. ಕೆಂಚಿ ನಕ್ಕಾಗ ಹೊಸದಾಗಿ ಹುಟ್ಟಿದ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳು ಕಾಣುತ್ತಿದ್ದವು. "ಹಲ್ಲು ಉಜ್ಜಲ್ವೇನೆ?" ಅಂದೆ. ಕೊಟ್ಟಿಗೆಯಿಂದ ದುರ್ಗಮ್ಮ ಪೊರಕೆ ಹಿಡಿದೇ ಬಂದಳು.

"ಇದ್ದಲಾಗೆ ಉಜ್ಜಿ ಉಜ್ಜಿ ಒಸಡು ಕಿತ್ತೋಗೈತೆ ಅಕ್ಕಾರೆ. ಹಲ್ಲು ಹುಟ್ಟಿದ್ದೇ ಹಂಗೆ. ನಮ್ಮ ಓಣಿ ಹುಡುಗ್ರದ್ದೆಲ್ಲ ಹಂಗೇ."

ಅವಳ ಹಲ್ಲು ಬೆಳ್ಳಗಿತ್ತು. ಬಿಳಿಚೋಡಿನ ಶಾಲೆಗೆ ಈ ಊರಿನಿಂದ ಬರುತ್ತಿದ್ದ ನನ್ನ ದೊಡ್ಡ ಮಕ್ಕಳ ಹಲ್ಲೂ ಬೆಳ್ಳಗಿತ್ತು. ಕೇರಿಯಲ್ಲಿ, ಸಾಬರ ಓಣಿಯಲ್ಲಿ, ಏಳರ ಆಸುಪಾಸಿನ ಮಕ್ಕಳ ಹಲ್ಲಿನಲ್ಲಿ ಮಾತ್ರ ಗೆರೆ. ನೋಡಲು ಶುರು ಮಾಡಿದ ಮೇಲೆ ನನಗೆ ಬೇರೇನೂ ಕಾಣದಾಯಿತು. ಮಕ್ಕಳು ನಕ್ಕರೆ ನಾನು ನಗುವುದನ್ನು ಬಿಟ್ಟು ಬಾಯಿ ನೋಡುತ್ತಿದ್ದೆ. ಶೈಲಾಳ ಹಲ್ಲು ಜೋಳದ ಹೊಸ ಕಾಳಿನ ಹಾಗೆ ಹೊಳೆಯುತ್ತಿತ್ತು.

ಕೆಂಚಿಗೆ ಹಲ್ಲಿನದಷ್ಟೇ ಅಲ್ಲ. ನಡೆಯುವಾಗ ಅವಳ ಮೊಣಕಾಲು ಒಂದಕ್ಕೊಂದು ತಾಗುತ್ತಿದ್ದವು, ಪಾದಗಳು ದೂರ ದೂರ ಬೀಳುತ್ತಿದ್ದವು. ದೀಪಾವಳಿ ಹೊತ್ತಿಗೆ ಓಡುವುದನ್ನು ಬಿಟ್ಟಿದ್ದಳು. ಗ್ರಹಣದ ದೋಷವೆಂದು ಒಬ್ಬರು, ಹರಕೆ ತೀರಿಸಿಲ್ಲವೆಂದು ಇನ್ನೊಬ್ಬರು. ಶೇಂಗಾ ಕಿತ್ತು ಮುಗಿದ ಮೇಲೆ ಒಂದು ಶನಿವಾರ ನಾನು ದುರ್ಗಮ್ಮನನ್ನೂ ಮಗುವನ್ನೂ ಕರೆದುಕೊಂಡು ದಾವಣಗೆರೆಗೆ ಹೋದೆ. ಮೂಳೆ ನೋಡುವ ಡಾಕ್ಟರೊಬ್ಬರು ಕೆಂಚಿಯ ಕಾಲು ಮುಟ್ಟುವ ಮೊದಲು ಬಾಯಿ ತೆಗೆಸಿ ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಎಲ್ಲಿಯ ನೀರು ಕುಡೀತೀರಿ?"

ದುರ್ಗಮ್ಮ ಹೆಮ್ಮೆಯಿಂದ, "ಬೋರಿಂಗಿಂದು ಸಾಮಿ. ಬೇಳೆ ಬೇಯೋ ನೀರು" ಅಂದಳು.

ಡಾಕ್ಟರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಕನ್ನಡದಲ್ಲೇ ಹೇಳಿ, ತಾಯಿಗೆ ಹೇಳಿ ಅಂದೆ. ನೆಲದ ಆಳದ ನೀರಿನಲ್ಲಿ ಫ್ಲೋರೈಡ್ ಎಂಬ ಅಂಶ ಹೆಚ್ಚಿದ್ದರೆ ಬೆಳೆಯುವ ಮಕ್ಕಳ ಹಲ್ಲಿಗೂ ಮೂಳೆಗೂ ಹೀಗಾಗುತ್ತದೆ. ಅಂಥ ನೀರು ಬಾಯಿಗೆ ಮೃದುವಾಗಿರುತ್ತದೆ, ಬೇಳೆ ಚೆನ್ನಾಗಿಯೇ ಬೇಯುತ್ತದೆ. ಇದಕ್ಕೆ ಔಷಧಿಯಿಲ್ಲ, ನೀರು ಬದಲಾಯಿಸಬೇಕು. "ಇನ್ನೂ ಚಿಕ್ಕವಳು. ಈಗಲೇ ಬದಲಾದರೆ ಇಷ್ಟಕ್ಕೇ ನಿಲ್ಲಬಹುದು. ಇಲ್ಲದಿದ್ದರೆ ಬೆಳೆದಂತೆಲ್ಲ ಬಾಗುತ್ತಾ ಹೋಗುತ್ತೆ" ಅಂದರು.

ವಾಪಸು ಬರುವ ಬಸ್ಸಿನಲ್ಲಿ ದುರ್ಗಮ್ಮ ನನ್ನ ಪಕ್ಕ ಕೂತಿದ್ದಳು. ಕೆಂಚಿ ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅರ್ಧ ದಾರಿ ಬಂದ ಮೇಲೆ ದುರ್ಗಮ್ಮ ಕೇಳಿದಳು, "ಅಕ್ಕಾರೆ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕಬಾರ್ದು."

"ಕೇಳು."

"ನಮ್ಮತ್ತೆ ಜೀವಮಾನ ಇಡೀ ಒರತೆ ತೋಡಿದ್ಲು. ಆ ನೀರು ಕೆಟ್ಟೈತೆ ಅಂತ ಯಾರೂ ಅನ್ನಲಿಲ್ಲ. ಈಗ ನಮ್ಮ ಕೈಗೆ ಬೋರಿಂಗು ಬಂದೈತೆ, ನಿಮ್ಮೋರು ನಾವು ಒಂದೇ ಹಿಡಿಕೆ ಹೊಡೀತೀವಿ. ಈಗ ನೀರು ಕೆಟ್ಟೈತಾ?"

ಡಾಕ್ಟರನ್ನು ನಾನು ಕರೆಸಿದ್ದಲ್ಲ, ನಾವೇ ಹುಡುಕಿಕೊಂಡು ಹೋದದ್ದು ಎಂದೆ. "ನೀವು ತೋರಿಸಿದ ಡಾಕ್ಟ್ರೇ ಅಲ್ಲೇನ್ರೀ" ಅಂದಳು. ಸಿಟ್ಟಿನಿಂದ ಅಲ್ಲ, ಸಂತೆಯಲ್ಲಿ ತೂಕ ನೋಡುವವರ ಹಾಗೆ ನನ್ನ ಮುಖ ನೋಡಿದಳು. ಅವಳ ಅನುಮಾನ ನನಗೆ ನೋವು ಕೊಟ್ಟಿತು. ಆದರೆ ಆ ತಾಮ್ರದ ಕೊಡ ನೆನಪಾಗಿ ನನಗೆ ಆಗಲೇ ನನ್ನ ಮಾವನ ಮೇಲೆ ಅನುಮಾನ ಹುಟ್ಟಿತ್ತು. ಅವಳದನ್ನು ತಪ್ಪು ಅನ್ನುವ ಅಧಿಕಾರ ನನಗೆಲ್ಲಿಂದ ಬರಬೇಕು?

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಮಾವ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಮಾವ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. ಆಶ್ಚರ್ಯಪಡಲೂ ಇಲ್ಲ. ಅದೇ ನನ್ನನ್ನು ಚುಚ್ಚಿತು. ಡಾಕ್ಟರಿಂದ ಮೊದಲ ಸಲ ತಿಳಿದಾಗ ನಾನು ಎಷ್ಟು ಪ್ರಶ್ನೆ ಕೇಳಿದ್ದೆ! ಮಾವ ಒಂದೂ ಕೇಳಲಿಲ್ಲ.

"ಬೋರಿಂಗ್ ಮುಚ್ಚಿಸ್ಲೇನು?" ಅಂದರು.

"ಹಂಗಲ್ಲ ಮಾವ..."

"ಮುಚ್ಚಿದ್ರೆ ಕೇರಿಯೋರು ಮತ್ತೆ ಹಳ್ಳಕ್ಕೆ ಹೋಗ್ತಾರೆ. ಒರತೆ ನೀರು ಕುಡಿದು ಎಷ್ಟು ಕೂಸು ವಾಂತಿಭೇದಿಗೆ ಹೋದ್ವು ಅಂತ ನಿಂಗೆ ಗೊತ್ತಾ? ಬೋರಿಂಗ್ ಬಂದ ಮ್ಯಾಲೆ ನಿಂತೈತೆ. ಕಾಲು ಸೊಟ್ಟಗಾದ್ರೂ ಜೀವ ಉಳದೈತಲ್ಲ. ಆ ಡಾಕ್ಟ್ರು ಇದನ್ನ ಹೇಳಿದ್ರಾ?"

ಅದು ಸುಳ್ಳಲ್ಲ. ಆದರೂ ಕೇಳಿದೆ, "ಬಾವಿ ಐತಲ್ಲ ಮಾವ."

ಮಾವ ಎಲೆಯನ್ನು ಮಡಿಚಿ ಬಾಯಿಗಿಟ್ಟುಕೊಂಡರು. ಉಗುಳಿ ಬಂದ ಮೇಲೆ ಹೇಳಿದರು, "ನಾನು ಬ್ಯಾಡ ಅನ್ನಾಕಿಲ್ಲ. ಊರು ಬಿಡ್ತೈತಾ? ಬೋರಿಂಗ್ ಸರ್ಕಾರದ್ದು ಅಂತ ಬಾಯಿ ಮುಚ್ಕೊಂಡವ್ರೆ. ಬಾವಿಗೆ ಬಂದ್ರೆ ಸುಮ್ಕಿರ್ತಾರಾ?" ಆಮೇಲೆ ದನಿ ತಗ್ಗಿಸಿ, "ಒಂದು ಕೆಲಸ ಮಾಡು. ದುರ್ಗಿ ಒಬ್ಬಳು ಬೆಳಿಗ್ಗೆ ಬಾವಿತಾಕೆ ಬರ್ಲಿ. ನಮ್ಮ ಆಳು ಅವಳ ಕೊಡಕ್ಕೆ ಒಂದು ಕೊಡ ಹೊಯ್ತಾನೆ. ಯಾರಿಗೂ ಹೇಳಾಕೆ ಹೋಗ್ಬ್ಯಾಡ" ಅಂದರು.

ಮಾವ ಕೊಟ್ಟದ್ದು ದೊಡ್ಡದೆಂದೇ ಅಂದುಕೊಂಡು ಕೇರಿಗೆ ಓಡಿದೆ. ದುರ್ಗಮ್ಮ ಮನೆ ಮುಂದೆ ಜೋಳ ಕೇರುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು. ಮೊರವನ್ನು ಕೆಳಗಿಟ್ಟಳು.

"ಮ್ಯಾಲಿಂದ ಹೊಯ್ತಾರೆ, ನಾನು ಕೆಳಗೆ ಕೊಡ ಹಿಡೀಬೇಕು."

"ಕೆಂಚಿ ಕಾಲಿಗೋಸ್ಕರ ದುರ್ಗಮ್ಮ."

"ಕೆಂಚಿ ಒಬ್ಬಳದೇನ್ರೀ ಕಾಲು? ಪಕ್ಕದ ಮನೇದು ನೋಡಿರೇನು? ಬಸ್ಯಾನ ಮಗನ್ನ ನೋಡಿರೇನು? ನಾನು ಒಬ್ಬಳು ಕದ್ದು ತಂದು ನನ್ನ ಮಗಳಿಗೆ ಕುಡಿಸ್ಲಾ, ಅವು ಬಾಗಿಲಾಗೆ ನಿಂತು ನೋಡ್ಲಾ?" ಅವಳು ಮೊರ ಎತ್ತಿಕೊಂಡಳು. "ಹೊಯ್ಸ್ಕಳ್ಳೋ ನೀರು ಬ್ಯಾಡ ಅಕ್ಕಾರೆ. ಬಾವಿ ಬಿಡ್ತಾರಾ ಕೇಳ್ರಿ, ಹಗ್ಗ ನಾವೇ ತರ್ತೀವಿ."

ಬಾವಿ ಬಿಡಲಿಲ್ಲ. ಮಾವ ಪಂಚಾಯ್ತಿಯಲ್ಲಿ ಮಾತೆತ್ತಿದರೆಂದು ಆಮೇಲೆ ನನಗೆ ಹೇಳಿದರು. ಎತ್ತಲೇ ಇಲ್ಲವೆಂದು ಬುಡೇನ್‌ಸಾಬ್ ಹೇಳಿದ. ಇಬ್ಬರಲ್ಲಿ ಯಾರನ್ನು ನಂಬಬೇಕೆಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಅದೂ ನ್ಯಾಯವಿರಲಿಕ್ಕಿಲ್ಲ.

ಆ ದಿನಗಳಲ್ಲೇ ಇರಬೇಕು, ಒಂಬತ್ತನೇ ತರಗತಿಗೆ ಮೂಲಭೂತ ಹಕ್ಕುಗಳ ಪಾಠ ಬಂತು. ಸಾರ್ವಜನಿಕ ಬಾವಿ, ಕೆರೆಗಳನ್ನು ಬಳಸದಂತೆ ಯಾರನ್ನೂ ತಡೆಯುವಂತಿಲ್ಲ ಎಂಬ ಸಾಲನ್ನು ಬೋರ್ಡಿನ ಮೇಲೆ ಬರೆದೆ. ಆ ಸಾಲು ಮಾವನ ಊರಿಗೆ ಬೋರಿಂಗಿನ ವೇಷದಲ್ಲಿ ಬಂದಿತ್ತು. ಮುಟ್ಟುವ ಹಕ್ಕನ್ನು ಕೊಟ್ಟ ನೀರೇ ಮಕ್ಕಳ ಕಾಲು ಬಾಗಿಸುತ್ತಿತ್ತು. ಕಾಲು ಉಳಿಸುವ ನೀರನ್ನು ಮುಟ್ಟುವಂತಿರಲಿಲ್ಲ. ಆ ನೀರಿನಲ್ಲಿ ಏನಿದೆಯೆಂದು ಕುಡಿಯುವವರಿಗೆ ತಿಳಿಸಬೇಕೆಂಬ ಸಾಲು ಪಾಠಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಮಕ್ಕಳು ಬೋರ್ಡು ನೋಡಿ ಬರೆದುಕೊಂಡರು. ನಾನು ಚಾಕ್‌ಪೀಸ್ ಹಿಡಿದು ನಿಂತಿದ್ದೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಇದನ್ನೇ ಓದಿದ್ದೆ.

ಸಂಕ್ರಾಂತಿ ಕಳೆದು ಬಿಸಿಲು ಏರುವ ಕಾಲಕ್ಕೆ ಬೋರಿಂಗ್ ಕೆಟ್ಟಿತು. ಬುಡೇನ್‌ಸಾಬ್ ಪೈಪುಗಳನ್ನು ಮೇಲೆತ್ತಿ ಸವೆದ ವಾಷರ್ ಬಿಚ್ಚುತ್ತಿದ್ದ. ಸುಮ್ಮನೆ ಕೇಳಿದೆ, "ಈ ನೀರನ್ನ ಯಾರಾದ್ರೂ ಟೆಸ್ಟ್ ಮಾಡಾಕೆ ಬಂದಿದ್ರಾ ಬುಡೇನ್‌ಸಾಬ್?"

"ಬಂದಿದ್ರಲ್ಲ. ಬೋರಿಂಗ್ ಹಾಕಿದ ವರ್ಷಾನೋ ಮರುವರ್ಷಾನೋ. ಜೀಪಿನಾಗೆ ಬಂದು ಬಾಟ್ಲಿಗೆ ಹಿಡ್ಕಂಡು ಹೋದ್ರು. ಇನ್ನೊಂದ್ಸಲ ಬಂದು ನಿಮ್ಮ ಮಾವಾರ ಮನ್ಯಾಗೆ ಊಟ ಮಾಡಿದ್ರು. ನಾನು ಜೀಪಿನ ಟೈರಿಗೆ ಗಾಳಿ ಹೊಡೀತಿದ್ದೆ."

"ಏನಂದ್ರು?"

"ನೀರಾಗೆ ಪೌಡ್ರು ಐತೆ ಅಂದ್ರು."

ನನಗೆ ತಕ್ಷಣ ಹೊಳೆಯಲಿಲ್ಲ. "ಪೌಡರಾ?"

"ಹೂಂರೀ. ಪೌಡ್ರು ಜಾಸ್ತಿ ಐತೆ ಅಂತ ಛೇರ್ಮನ್ರಿಗೆ ಹೇಳಿದ್ರು. ಬಾವಿಗೆ ಹಾಕ್ತಾರಲ್ಲ, ಕಾಲರಾ ಬಂದಾಗ, ಬಿಳೀ ಪೌಡ್ರು, ವಾಸ್ನೆ ಹೊಡೀತೈತೆ. ಈ ನೀರಾಗೆ ಹಾಕೋದೇ ಬ್ಯಾಡ, ಒಳಗೇ ಐತೆ ಅಂತ ನಾವೆಲ್ಲ ಖುಷಿಯಾದ್ವಿ." ಅವನು ಹಳೇ ವಾಷರನ್ನು ನನ್ನ ಮುಂದೆ ಹಿಡಿದು ನಕ್ಕ. "ಇಗಳ್ರಿ, ನಿಮ್ಮ ಅತ್ತೆಮ್ಮಾರ ಮೈಲಿಗೆ."

ಫ್ಲೋರೈಡು ಅಂದದ್ದು ಬುಡೇನ್‌ಸಾಬನ ಕಿವಿಯಲ್ಲಿ ಪೌಡ್ರು ಆಗಿತ್ತು. ಅವನ ಬಾಯಿಂದ ಓಣಿ ಓಣಿಗೆ ಹೋಗಿ ಇಡೀ ಊರು ಆ ನೀರನ್ನು ಎರಡು ಪಟ್ಟು ನಂಬಿತ್ತು: ಬೇಳೆಯೂ ಬೇಯುತ್ತದೆ, ಪೌಡ್ರೂ ಇದೆ. ಅವನಿಗೆ ಅದನ್ನು ಬಿಡಿಸಿ ಹೇಳಿದೆ. ಅವನ ನಗು ಹೋಯಿತು. ಅವನ ಕಿರಿಯ ಮಗನೂ ಬೋರಿಂಗಿಗಿಂತ ಚಿಕ್ಕವನು. ಹೊಸ ವಾಷರನ್ನು ಕೈಯಲ್ಲಿ ಹಿಡಿದು, ಹಾಕಲೋ ಬೇಡವೋ ಅನ್ನುವವನ ಹಾಗೆ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಹಾಕಿದ. ಕೊಡ ಹಿಡಿದ ಹೆಂಗಸರು ಸಾಲಾಗಿ ಕಾಯುತ್ತಿದ್ದರು.

ಆದರೆ ಊಟಕ್ಕೆ ಕೂತು ಆ ಮಾತನ್ನು ಎದುರೆದುರೇ ಕೇಳಿದವರು ಮಾವ. ದಾವಣಗೆರೆಯಲ್ಲಿ ಇಂಟರ್‌ಮೀಡಿಯೆಟ್ ಓದಿದವರು. ಅವರ ಕಿವಿಗೂ ಪೌಡ್ರು ಎಂದೇ ಬಿದ್ದಿರಲು ಸಾಧ್ಯವೇ? ಬಿದ್ದಿರಲೂಬಹುದು. ಜೀಪಿನವರು ತಮ್ಮ ಗಡಿಬಿಡಿಯಲ್ಲಿ ಬಿಡಿಸಿ ಹೇಳದೆ ಹೋಗಿರಬಹುದು. ಆ ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. ಮಾವ ಅತ್ತೆಯ ಮುಖ ನೋಡಿ, "ಬುಡೇನ್‌ಗೆ ಗಾಳಿ ಹೊಡೆಯಾಕೆ ಚೆನ್ನಾಗಿ ಬರ್ತೈತೆ" ಅಂದು ಮಜ್ಜಿಗೆ ಹಾಕಿಸಿಕೊಂಡರು. ಅತ್ತೆ ನಗಲಿಲ್ಲ. ನಗಲಿಲ್ಲ ಎಂದೇ ನನ್ನ ನೆನಪು.

ಪರೀಕ್ಷೆ ಮುಗಿದು ನಾನು ಹೊನ್ನಾಳಿಗೆ ಮರಳಿದೆ. ಹೊರಡುವ ದಿನ ಕೆಂಚಿ ಕಟ್ಟೆಯ ಕೆಳಗೆ ಕೂತಿದ್ದಳು, ಏಳಲಿಲ್ಲ. ಆಮೇಲಿನ ವರ್ಷಗಳಲ್ಲಿ ಆ ಬೋರಿಂಗಿಗೆ ಕುಡಿಯಬಾರದೆಂಬ ಗುರುತಿಗೆ ಕೆಂಪು ಬಣ್ಣ ಬಳಿದರೆಂದೂ, ಬೇರೆ ಕಡೆಯಿಂದ ಪೈಪಿನಲ್ಲಿ ನೀರು ತಂದರೆಂದೂ ಕೇಳಿದೆ. ಬಣ್ಣ ಬಳಿದ ಮೇಲೂ ಬೇಳೆಗೆಂದು ಅಲ್ಲಿಂದಲೇ ಒಯ್ಯುತ್ತಿದ್ದರಂತೆ. ಎಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗಿಯನ್ನು ನೋಡಿದೆ. ಹದಿಮೂರು ಹದಿನಾಲ್ಕು ಇರಬಹುದು. ಕಂಬ ಹಿಡಿದು, ಮೊಣಕಾಲುಗಳನ್ನು ಒಂದಕ್ಕೊಂದು ಊರಿ ನಿಂತಿದ್ದಳು. ಕೆಂಚಿ ಎಂದು ಕೂಗಿದೆ. ಅವಳು ತಿರುಗಲಿಲ್ಲ. ಆ ಸೀಮೆಯಲ್ಲಿ ಅಂಥ ಕಾಲು ಒಬ್ಬಳದೇ ಅಲ್ಲ. ಅವಳು ಬೇರೆ ಯಾರದೋ ಮಗಳಿರಬಹುದು. ಹಾಗೆಂದು ನನಗೆ ನಾನೇ ಹೇಳಿಕೊಂಡೆ, ಅಷ್ಟರಲ್ಲಿ ಜಗಳೂರು ಬಸ್ಸು ಬಂತು, ಜನ ಮುಗಿಬಿದ್ದರು.

ಮಾವ ತೀರಿಕೊಂಡು ಬಹಳ ವರ್ಷವಾಯಿತು. ಊರಿನವರು ಅವರನ್ನು ಬೋರಿಂಗ್ ತಂದ ಛೇರ್ಮನ್ರು ಎಂದೇ ನೆನೆಯುತ್ತಾರೆ, ಕೇರಿಯವರೂ ಸಹ. ನಾನು ಅವರ ಬಗ್ಗೆ ಎರಡು ಲೆಕ್ಕ ಇಟ್ಟುಕೊಂಡಿದ್ದೇನೆ. ಒಂದರಲ್ಲಿ ಅವರಿಗೆ ಏನೂ ಗೊತ್ತಿರಲಿಲ್ಲ. ಅತ್ತೆಯ ತೊಗಲಿನ ಮೈಲಿಗೆ ಅವರ ಮಗಳ ಕಾಲು ಉಳಿಸಿತು, ಅಷ್ಟೇ. ಇನ್ನೊಂದರಲ್ಲಿ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ವಾಷರ್ ಬರೀ ನೆಪ, ಊರಿಗೆ ಹೇಳಲೊಂದು ಮಾತು. ಕೆಲವು ದಿನ ಮೊದಲನೆಯದನ್ನು ನಂಬುತ್ತೇನೆ. ಮಡಿ ಅಂದರೆ ನಗುತ್ತಿದ್ದ, ಬೊಗಸೆಯೊಡ್ಡಿ ಎಲ್ಲರ ಮುಂದೆ ಕುಡಿದ ಆ ಮನುಷ್ಯ ತಾಮ್ರದ ಕೊಡದ ನೀರನ್ನು ಒಂದು ಮಾತೂ ಆಡದೆ ಏಳು ವರ್ಷ ಕುಡಿದರಲ್ಲ ಎಂದು ನೆನಪಾದ ದಿನ ಎರಡನೆಯದನ್ನು ನಂಬುತ್ತೇನೆ.

ಅತ್ತೆ ಈಗ ಚನ್ನಗಿರಿಯಲ್ಲಿ ಶೈಲಾಳ ಮನೆಯಲ್ಲಿದ್ದಾರೆ. ಕಣ್ಣು ಮಂಜು, ಕಿವಿ ಚುರುಕು. ಕಳೆದ ಸಲ ಹೋದಾಗ ಶೈಲಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನೇರ ಕಾಲಿನ, ಎತ್ತರದ ಹೆಂಗಸು. ಅವಳಿಗೆ ಕೇಳಿಸದ ಹಾಗೆ ಅತ್ತೆಯ ಪಕ್ಕ ಕೂತು ಕೇಳಿಯೇಬಿಟ್ಟೆ. ಅತ್ತೆ ಮೊದಲು ವಾಷರ್ ಅಂದರು. ವಾಷರ್ ಪೂಜೆಯ ದಿನವೂ ಇತ್ತಲ್ಲ, ಅಂದು ನನಗೆ ಆ ನೀರೇ ಕೊಟ್ಟಿರಲ್ಲ ಅಂದೆ. ಕೊಟ್ಟಿಲ್ಲ ಅನ್ನಲಿಲ್ಲ. ನನ್ನ ಕೈಯನ್ನು ಹಿಡಿದುಕೊಂಡು, ಸೆರಗಿನಿಂದ ಬಾಯಿ ಒರೆಸಿಕೊಂಡು, ಶೈಲಾ ಇದ್ದ ಅಂಗಳದ ಕಡೆ ಮುಖ ತಿರುಗಿಸಿದರು. ಆಮೇಲೆ ಎರಡು ಸಲ ಫೋನ್ ಮಾಡಿದ್ದೇನೆ. ಮಳೆ ಬಂತಾ ಎಂದು ವಿಚಾರಿಸುತ್ತಾರೆ. ಅಂದು ನಾನು ಅವರನ್ನು ಕೇಳಿದ್ದು ಇಷ್ಟು:

"ಅತ್ತೆ, ಶೈಲಾ ಹೊಟ್ಟ್ಯಾಗಿದ್ದಾಗ, ಬೋರಿಂಗಿನ ನೀರು ಬಿಡು, ಇನ್ಮ್ಯಾಲೆ ಬಾವಿ ನೀರೇ ಕುಡಿ ಅಂತ ನಿಮಗೆ ಹೇಳಿದ್ದು ಯಾರು?"